ಫೋಟೋದಲ್ಲಿರೋ ಆ ಹಸಿರು ಬೇಲಿ ಕಡಕೊಳದಲ್ಲಿ ಬೆಳೆಯತ್ತಾ?

ಮೈಸೂರಿಂದ ನಂಜನಗೂಡು ರಸ್ತೆ ಹಿಡಿದು ಮಂಡಕಳ್ಳಿ ವಿಮಾನ ನಿಲ್ದಾಣ ದಾಟಿದರೆ ಕಡಕೊಳ. ಒಂದು ಕಡೆ ಕೈಗಾರಿಕಾ ಪ್ರದೇಶ, ಇನ್ನೊಂದು ಕಡೆ ಹೊಲ, ನಡುನಡುವೆ ಹೊಸ ಲೇಔಟ್‌ಗಳು. ಸಾಲ ಮಾಡಿ ಮನೆ ಕಟ್ಟಿ, ಗೃಹಪ್ರವೇಶ ಮುಗಿಸಿ, ನೆಂಟರೆಲ್ಲ ಹೊರಟ ಮೇಲೆ ಮನೆ ಮುಂದೆ ನಿಂತು ನೋಡಿದರೆ ಕಾಣೋದು ಬರೀ ಸಿಮೆಂಟು. ಕಾಂಪೌಂಡ್ ಪಕ್ಕ ಒಂದಿಷ್ಟು ಹಸಿರು ಬೇಕು ಅನ್ನಿಸೋದು ಆಗಲೇ. ಸರಿ, ಫೋನ್ ತೆಗೆದು ಹುಡುಕ್ತೀವಿ. ಗಾಢ ಹಸಿರು, ಸೂಜಿಯಂಥ ಮೆತ್ತನೆ ಎಲೆ, ಸೊಂಟದೆತ್ತರಕ್ಕೆ ಅಗಲವಾಗಿ ಹರಡಿಕೊಂಡ ಪೊದೆ, ವರ್ಷವಿಡೀ ಎಲೆ ಉದುರದ ಬೇಲಿ. ಸ್ಕ್ರೀನ್‌ಶಾಟ್ ತೆಗೆದು ನರ್ಸರಿಗೆ ಹೋಗಿ 'ಇದೇ ಬೇಕು' ಅಂತೀವಿ.

ಆ ಫೋಟೋದಲ್ಲಿರೋದು ಬಹಳ ಸಲ 'ಯೂ' ಅನ್ನೋ ಗಿಡ. ಇಂಗ್ಲೆಂಡಿನ ಹಳೇ ಬಂಗಲೆ, ಅಮೆರಿಕದ ಮನೆಗಳ ಮುಂಭಾಗದಲ್ಲೆಲ್ಲ ಇದೇ. ನಮ್ಮ ಹವೆಗೆ ಇದು ಒಗ್ಗೋದಿಲ್ಲ. ಆದರೆ ಅದು ಕೊಡೋ ನೋಟವನ್ನು ಕಡಕೊಳದ ಕೆಂಪು ಮಣ್ಣಲ್ಲೂ ಪಡೀಬಹುದು. ಯಾವ ಗಿಡ, ಎಷ್ಟು ಜಾಗ, ಅದನ್ನು ಯಾರು ಬಾಯಿಗೆ ಹಾಕಿಕೊಳ್ಳಬಹುದು ಅನ್ನೋ ಮೂರು ವಿಷಯ ಮೊದಲೇ ಯೋಚಿಸಿದರೆ ಸಾಕು. ಮೂರನೇ ಪ್ರಶ್ನೆಯನ್ನು ನರ್ಸರಿಯಲ್ಲಿ ಯಾರೂ ಕೇಳಲ್ಲ. ಅದಕ್ಕೇ ಅದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳ್ತೀವಿ.

ಯೂ ಯಾಕೆ ಇಲ್ಲಿಗೆ ಬರಲ್ಲ?

ಯೂ ಚಳಿ ನಾಡಿನ ಗಿಡ. ಚಳಿಗಾಲದಲ್ಲಿ ಒಂದಷ್ಟು ತಿಂಗಳು ಕೊರೆಯುವ ತಂಪಿನಲ್ಲಿ ವಿಶ್ರಾಂತಿ ಪಡೆದು, ಬೇಸಿಗೆಯಲ್ಲಿ ಹಿತವಾದ ಬಿಸಿಲಲ್ಲಿ ನಿಧಾನಕ್ಕೆ ಚಿಗುರುವ ಜಾತಿ. ನಮ್ಮಲ್ಲಿ ಜನವರಿ ಬೆಳಗಿನ ಚಳಿ ಅಂದ್ರೆ ಒಂದು ಸ್ವೆಟರ್ ಹಾಕೋವಷ್ಟು. ಏಪ್ರಿಲ್‌ನಲ್ಲಿ 34-35 ಡಿಗ್ರಿ ಬಿಸಿಲು. ಭಾರತದಲ್ಲಿ ಯೂ ಸಹಜವಾಗಿ ಬೆಳೆಯೋದು ಹಿಮಾಲಯದ ಎತ್ತರದ ಕಾಡುಗಳಲ್ಲಿ. ಮೈಸೂರು ಸಮುದ್ರ ಮಟ್ಟದಿಂದ ಸುಮಾರು 760 ಮೀಟರ್ ಎತ್ತರದಲ್ಲಿದೆ. ಯೂ ಕೇಳೋದು ಅದರ ಎರಡು ಪಟ್ಟಿಗಿಂತ ಹೆಚ್ಚು. ಯಾರಾದರೂ ಇಲ್ಲಿ 'ಯೂ' ಅಂತ ಹೇಳಿ ಮಾರಿದರೆ ಅದು ಬಹುಶಃ ಪೋಡೋಕಾರ್ಪಸ್ ಅನ್ನೋ ಬೇರೆ ಗಿಡ. ಅದರ ವಿಚಾರ ಮುಂದೆ ಬರತ್ತೆ.

ಯೂ ಅಷ್ಟು ಜನಪ್ರಿಯ ಆಗಿರೋದಕ್ಕೆ ಕಾರಣ ಇದೆ. ನೆರಳಲ್ಲೂ ಬದುಕತ್ತೆ. ನಿಧಾನವಾಗಿ ಬೆಳೆಯೋದರಿಂದ ಪದೇ ಪದೇ ಕತ್ತರಿ ಹಿಡಿಯೋದು ಬೇಡ. ಬಲಿತ ಕೊಂಬೆಯವರೆಗೆ ಕತ್ತರಿಸಿದರೂ ಮತ್ತೆ ಚಿಗುರತ್ತೆ. ಸೂಜಿ ಎಲೆಯ ಬೇರೆ ಹೆಚ್ಚಿನ ಗಿಡಗಳಿಗೆ ಈ ಗುಣ ಇಲ್ಲ. ಅದಕ್ಕೆ ಆಗದಿರೋದು ಒಂದೇ, ಬೇರಲ್ಲಿ ನೀರು ನಿಲ್ಲೋದು. ನಾವು ನಮ್ಮ ಬೇಲಿ ಗಿಡದಲ್ಲಿ ಹುಡುಕಬೇಕಾದ್ದೂ ಈ ಗುಣಗಳನ್ನೇ.

ಯೂಗೆ ಇನ್ನೊಂದು ಮುಖ ಇದೆ. 1962ರಲ್ಲಿ ಅಮೆರಿಕದ ಪಶ್ಚಿಮ ಭಾಗದ ಕಾಡಿಂದ ಪೆಸಿಫಿಕ್ ಯೂ ಮರದ ತೊಗಟೆ ತಂದು ಪರೀಕ್ಷೆ ಮಾಡಿದರು. ಮನ್ರೋ ವಾಲ್ ಮತ್ತು ಭಾರತ ಮೂಲದ ರಸಾಯನ ವಿಜ್ಞಾನಿ ಮನ್ಸುಖ್ ವಾನಿ ಅದರಿಂದ ಒಂದು ವಸ್ತುವನ್ನು ಬೇರ್ಪಡಿಸಿ, 1971ರಲ್ಲಿ ಅದರ ರಚನೆಯನ್ನು ಪ್ರಕಟಿಸಿದರು. ಅದೇ ಟ್ಯಾಕ್ಸಾಲ್. 1992ರಲ್ಲಿ ಅಂಡಾಶಯದ ಕ್ಯಾನ್ಸರ್ ಚಿಕಿತ್ಸೆಗೆ ಅಮೆರಿಕದಲ್ಲಿ ಅದಕ್ಕೆ ಒಪ್ಪಿಗೆ ಸಿಕ್ಕಿತು. ಇವತ್ತು ನಮ್ಮ ಊರಿನ ಆಸ್ಪತ್ರೆಗಳಲ್ಲೂ ಸ್ತನ ಕ್ಯಾನ್ಸರ್‌ಗೆ ಕೊಡೋ ಪ್ಯಾಕ್ಲಿಟಾಕ್ಸೆಲ್ ಅದೇ ಔಷಧಿ.

ಔಷಧಿ ಕೊಟ್ಟ ಮರವೇ ವಿಷವೂ ಹೌದು. ಯೂ ಎಲೆ, ಕೊಂಬೆ, ಬೀಜ ಎಲ್ಲದರಲ್ಲೂ ಟ್ಯಾಕ್ಸಿನ್ ಅನ್ನೋ ವಿಷ ಇದೆ. ಅದು ನೇರ ಹೃದಯದ ಬಡಿತಕ್ಕೇ ಕೈ ಹಾಕತ್ತೆ. ಕೆಂಪು ಹಣ್ಣಿನ ಮೇಲಿನ ತಿರುಳು ಮಾತ್ರ ವಿಷವಲ್ಲ, ಒಳಗಿನ ಬೀಜ ವಿಷ. ಪಶ್ಚಿಮ ದೇಶಗಳಲ್ಲಿ ಯೂ ತಿಂದು ದನ, ಕುದುರೆ ಸತ್ತ ಪ್ರಕರಣಗಳಲ್ಲಿ ಮತ್ತೆ ಮತ್ತೆ ಕಾಣೋ ಕಾರಣ ಒಂದೇ: ಬೇಲಿ ಕತ್ತರಿಸಿದವರು ಆ ಸೊಪ್ಪನ್ನು ಕಾಂಪೌಂಡ್ ಆಚೆ ಎಸೆದಿದ್ದು. ಇದನ್ನು ನೆನಪಲ್ಲಿಡಿ, ಕಡಕೊಳಕ್ಕೂ ಬೇಕಾಗತ್ತೆ. ಹಾಗೇ, ಮಕ್ಕಳು ಅಮೆರಿಕದಲ್ಲಿದ್ದು ಅಪ್ಪ-ಅಮ್ಮ ಆರು ತಿಂಗಳು ಮೊಮ್ಮಗು ನೋಡಿಕೊಳ್ಳೋಕೆ ಹೋಗೋ ಮನೆಯವರು ನಿಮ್ಮಲ್ಲಿದ್ದರೆ ಒಂದು ಮಾತು ಹೇಳಿ ಕಳಿಸಿ. ಬಾಗಿಲ ಪಕ್ಕದ ಪೊದೆಯಲ್ಲಿ ಮಣಿಯಂಥ ಕೆಂಪು ಹಣ್ಣಿದ್ದರೆ ಮಗು ಕೈಗೆ ಸಿಗದ ಹಾಗೆ ನೋಡಿಕೊಳ್ಳಲಿ, ಆ ಎಲೆ ಪೂಜೆಗೆ ಕಿತ್ತುಕೊಂಡು ಬರೋದೂ ಬೇಡ.

ಹಾಗಾದ್ರೆ ಇಲ್ಲಿಗೆ ಯಾವುದು?

ಯುರೋಪಿನ ಶೈಲಿಯ ಸಾಲು ಬೇಲಿಗಳು ಮೈಸೂರಿಗೆ ಹೊಸದೇನಲ್ಲ. ಕೆ.ಆರ್.ಎಸ್. ಕೆಳಗಿನ ಬೃಂದಾವನ ನೋಡಿದವರಿಗೆ ಗೊತ್ತು. ದಿವಾನ್ ಮಿರ್ಜಾ ಇಸ್ಮಾಯಿಲ್ ಕಾಲದಲ್ಲಿ, 1927ರಲ್ಲಿ ಶುರುವಾಗಿ 1932ರಲ್ಲಿ ಮುಗಿದ ತೋಟ ಅದು. ನಕ್ಷೆಯ ಶೈಲಿ ಹೊರಗಿನದಾದರೂ ಅದಕ್ಕೆ ಮೈ ತುಂಬಿರೋದು ನಮ್ಮ ಬಿಸಿಲು ತಡೆಯೋ ಗಿಡಗಳು. ಮನೆ ಮುಂದೂ ಅದೇ ಲೆಕ್ಕ. ನರ್ಸರಿಯಲ್ಲಿ ಸಿಗೋ ಗಿಡಗಳನ್ನು ಒಂದೊಂದಾಗಿ ನೋಡೋಣ.

ಕೇಪಳ: ನರ್ಸರಿಯಲ್ಲಿ ಇಕ್ಸೋರಾ ಅಂತಾರೆ. ಕುಳ್ಳ ತಳಿ ತಗೊಂಡರೆ ಎರಡು ಮೂರು ಅಡಿಗೆ ನಿಂತು ಅಗಲಕ್ಕೆ ಹರಡತ್ತೆ. ಯೂ ಪೊದೆಯ ಆಕಾರಕ್ಕೆ ಇದೇ ಹತ್ತಿರ. ಜೊತೆಗೆ ಹೂವು, ಚಿಟ್ಟೆ. ದಿನಕ್ಕೆ ನಾಲ್ಕೈದು ಗಂಟೆಯಾದರೂ ಬಿಸಿಲು ಬೇಕು. ಮಕ್ಕಳು, ನಾಯಿ ಇರೋ ಮನೆಗೆ ಧೈರ್ಯವಾಗಿ ಹಾಕಬಹುದು.

ಮಧುಕಾಮಿನಿ: ಕರಿಬೇವಿನ ಹತ್ತಿರದ ನೆಂಟ. ಸಣ್ಣ ಹೊಳೆಯೋ ಎಲೆ, ಮಳೆ ಬಿದ್ದ ಮೇಲೆ ಬಿಳಿ ಹೂವು, ರಾತ್ರಿ ಪರಿಮಳ. ಅರ್ಧ ನೆರಳಲ್ಲೂ ಚೆನ್ನಾಗಿ ಬರತ್ತೆ, ಕತ್ತರಿಸಿದಷ್ಟೂ ಒತ್ತಾಗತ್ತೆ. ಹಾಗೇ ಬಿಟ್ಟರೆ ಆಳೆತ್ತರ ದಾಟತ್ತೆ, ಅದಕ್ಕೆ ವರ್ಷಕ್ಕೆ ಎರಡು ಮೂರು ಸಲ ಕತ್ತರಿ ಬೇಕು. ಹಿತ್ತಲಲ್ಲಿ ನಿಂಬೆ ಗಿಡ ಇದ್ದರೆ ಸ್ವಲ್ಪ ದೂರ ಇರಲಿ. ನಿಂಬೆಗೆ ರೋಗ ಹರಡೋ ಸಿಲ್ಲಿಡ್ ಅನ್ನೋ ಸಣ್ಣ ಕೀಟಕ್ಕೆ ಮಧುಕಾಮಿನಿಯೂ ಇಷ್ಟ.

ಕವಳೆ: ಕರಂಡೆ ಅಂತಲೂ ಅಂತಾರೆ. ನಮ್ಮದೇ ನೆಲದ ಮುಳ್ಳು ಪೊದೆ, ವರ್ಷವಿಡೀ ಹಸಿರು. ಒಮ್ಮೆ ಬೇರು ಹಿಡಿದರೆ ನೀರಿಗೆ ಗೋಗರೆಯಲ್ಲ. ಕಾಯಿ ಉಪ್ಪಿನಕಾಯಿಗೆ ಬರತ್ತೆ. ಕಾಂಪೌಂಡ್ ಇನ್ನೂ ಕಟ್ಟದ ಸೈಟಿನ ಬೇಲಿಗೆ, ಮನೆಯ ಹಿಂಭಾಗಕ್ಕೆ ಒಳ್ಳೇದು. ಮಕ್ಕಳು ಸೈಕಲ್ ಓಡಿಸೋ ಜಾಗದ ಪಕ್ಕ ಮಾತ್ರ ಬೇಡ, ಮುಳ್ಳು ಜೋರಾಗಿದೆ.

ದಾಸವಾಳ: ಬೇಲಿಯೂ ಆಯ್ತು, ದಿನಾ ದೇವರಿಗೆ ಹೂವೂ ಆಯ್ತು. ಆದರೆ ಬಿಳಿ ಹಿಟ್ಟು ತಿಗಣೆಗೆ ಇದು ಹಬ್ಬದೂಟ. ವಾರಕ್ಕೊಮ್ಮೆ ಎಲೆ ತಿರುಗಿಸಿ ನೋಡೋ ತಾಳ್ಮೆ ಇದ್ದರೆ ಹಾಕಿ.

ಪೋಡೋಕಾರ್ಪಸ್: ನೋಟಕ್ಕೆ ಯೂಗೆ ಅತಿ ಹತ್ತಿರ. ಉದ್ದನೆಯ ಪಟ್ಟಿ ಎಲೆ, ಗಾಢ ಹಸಿರು. ಸೆಕೆ ತಡೆಯತ್ತೆ. ಬೆಲೆ ಜಾಸ್ತಿ, ಬೆಳವಣಿಗೆ ನಿಧಾನ. ಇದು ಹರಡೋದಕ್ಕಿಂತ ಮೇಲಕ್ಕೆ ಏಳೋ ಗಿಡ, ಅಗಲ ಬೇಕು ಅಂದ್ರೆ ಚಿಕ್ಕದಿರುವಾಗಲೇ ತುದಿ ಚಿವುಟುತ್ತಾ ಬರಬೇಕು. ಎಲೆ, ಹಣ್ಣು ನಾಯಿ-ಬೆಕ್ಕಿಗೆ ಒಳ್ಳೇದಲ್ಲ.

ಗೋಲ್ಡನ್ ಡ್ಯುರಾಂಟಾ: ಎಲ್ಲಕ್ಕಿಂತ ಅಗ್ಗ, ಎಲ್ಲಕ್ಕಿಂತ ವೇಗ. ಒಂದೇ ವರ್ಷದಲ್ಲಿ ಬೇಲಿ ಆಗತ್ತೆ, ಆಮೇಲೆ ಮೂರು ನಾಲ್ಕು ವಾರಕ್ಕೊಮ್ಮೆ ಕತ್ತರಿಸದಿದ್ದರೆ ಪೊದೆ ಅಡ್ಡಾದಿಡ್ಡಿ. ವಾರವಿಡೀ ಶಿಫ್ಟ್ ಇರೋರು ಯೋಚಿಸಿ. ಕತ್ತರಿಸದೆ ಬಿಟ್ಟರೆ ಬರೋ ಹಳದಿ ಹಣ್ಣಿನ ಗೊಂಚಲು ಮಕ್ಕಳಿಗೆ, ನಾಯಿಗಳಿಗೆ ವಿಷ.

ಜುನಿಪರ್: ಪಾಟಿನಲ್ಲಿ ಹರಡಿಕೊಂಡು ಚೆಂದ ಕಾಣತ್ತೆ. ಆದರೆ ಇದಕ್ಕೂ ಯೂ ಥರವೇ ತಂಪು ಬೇಕು. ಒಳಗಿನ ಕೊಂಬೆ ಒಣಗಿದರೆ ಮತ್ತೆ ಚಿಗುರಲ್ಲ. ಹತ್ತು ಗಿಡ ಒಟ್ಟಿಗೆ ತರೋ ಮೊದಲು ಒಂದು ತಂದು ಒಂದು ಬೇಸಿಗೆ ನೋಡಿ.

ಫೈಕಸ್: ಬೇಲಿಗೆ ಚೆನ್ನಾಗಿ ಕಾಣತ್ತೆ, ಆದರೆ ಇದು ಆಲದ ವಂಶ. ಬೇರು ಕಾಂಪೌಂಡ್ ಅಡಿಪಾಯ, ಸಂಪ್, ಒಳಚರಂಡಿ ಪೈಪ್ ಹುಡುಕಿಕೊಂಡು ಹೋಗತ್ತೆ. ಸಂಪ್ ಮನೆ ಮುಂದೆಯೇ ಇರೋ ಚಿಕ್ಕ ಸೈಟಿಗೆ ಬೇಡ್ವೇ ಬೇಡ.

ಯಾರ ಬಾಯಿಗೆ ಹೋಗಬಹುದು?

ಯೂಗೆ ಇರೋ ಅದೇ ಗುಣ ನಮ್ಮೂರಿನ ಕಣಗಿಲೆಗೂ ಇದೆ. ಎಲೆ, ಹೂವು, ಕಾಂಡ ಎಲ್ಲದರಲ್ಲೂ ಹೃದಯಕ್ಕೆ ಪೆಟ್ಟು ಕೊಡೋ ವಿಷ. ಹಳದಿ ಕಣಗಿಲೆಯ ಬೀಜವಂತೂ ಇನ್ನೂ ಅಪಾಯ. ಹೆದ್ದಾರಿಗಳ ಮಧ್ಯದ ಪಟ್ಟಿಯಲ್ಲಿ ಕಣಗಿಲೆ ಹಾಕೋಕೆ ಇದೂ ಒಂದು ಕಾರಣ: ಬಿಸಿಲು ತಡೆಯತ್ತೆ, ಹೊಗೆ ತಡೆಯತ್ತೆ, ದನ ಮುಟ್ಟಲ್ಲ. ಹಸಿ ಗಿಡದ ಕಹಿಗೆ ದನ ದೂರ ಹೋಗತ್ತೆ ನಿಜ. ಆದರೆ ಕತ್ತರಿಸಿ ಒಣಗಿದ ಸೊಪ್ಪಲ್ಲಿ ಆ ಎಚ್ಚರಿಕೆ ಉಳಿಯಲ್ಲ, ವಿಷ ಮಾತ್ರ ಹಾಗೇ ಉಳಿಯತ್ತೆ. ಬೇರೆ ಹುಲ್ಲಿನ ಜೊತೆ ಸೇರಿದರೆ ದನಕ್ಕೆ ಗೊತ್ತೂ ಆಗಲ್ಲ.

ಕಡಕೊಳದಂಥ ಊರಲ್ಲಿ ಇದು ದೊಡ್ಡ ವಿಷಯ. ಲೇಔಟ್ ಹೊಸದು, ಊರು ಹಳೇದು. ಪಕ್ಕದ ಖಾಲಿ ಸೈಟಲ್ಲಿ ಹಸು, ಕುರಿ ಮೇಯ್ತಾವೆ. ಭಾನುವಾರ ಬೇಲಿ ಕತ್ತರಿಸಿ ಕಸವನ್ನು ಆ ಖಾಲಿ ಸೈಟಿಗೆ ಎಸೆಯೋದು ನಮಗೆ ಐದು ನಿಮಿಷದ ಕೆಲಸ. ಆ ಹಸುವಿನ ಹಾಲಿನಿಂದಲೇ ಸಂಸಾರ ನಡೆಸೋ ಮನೆಗೆ ಅದು ವರ್ಷದ ಆದಾಯ. ಕಣಗಿಲೆ, ಡ್ಯುರಾಂಟಾ ಮನೆಯಲ್ಲಿದ್ದರೆ ಸೊಪ್ಪನ್ನು ಗೇಟಿನ ಒಳಗೇ ಇಟ್ಟುಕೊಳ್ಳಿ. ಚೀಲಕ್ಕೆ ತುಂಬಿ ಕಸದ ಗಾಡಿಯವರಿಗೆ ಹೇಳಿ ಕೊಡಿ. ಕಣಗಿಲೆ ಕಡ್ಡಿಯನ್ನು ಸುಡಬೇಡಿ, ಹೊಗೆಯೂ ಕೆಟ್ಟದ್ದು.

ಅಂದ ಮಾತ್ರಕ್ಕೆ ಪೂಜೆಗೆ ಅಂತ ಅಜ್ಜಿ ನೆಟ್ಟ ಕಣಗಿಲೆ ಕಿತ್ತು ಹಾಕಿ ಅಂತಲ್ಲ. ಅದು ಮನೆಯ ಒಂದು ಮೂಲೆಯಲ್ಲಿ ದೊಡ್ಡವರ ಕೈಗೆ ಸಿಗೋ ಹಾಗೆ ಇರಲಿ. ಮಗು ಅಂಬೆಗಾಲಿಡೋ ಜಾಗದಲ್ಲಿ, ನಾಯಿ ಕಟ್ಟೋ ಜಾಗದಲ್ಲಿ, ರಸ್ತೆ ಬದಿ ದನ ಓಡಾಡೋ ಕಡೆ ಬೇಲಿಯಾಗಿ ಬೇಡ. ಯಾರಾದರೂ ತಿಂದಿದ್ದಾರೆ ಅನ್ನೋ ಅನುಮಾನ ಬಂದರೂ ಸಾಕು, ವಾಂತಿ ಮಾಡಿಸೋ ಮನೆಮದ್ದಿಗೆ ಹೊತ್ತು ಕಳೀಬೇಡಿ. 108ಕ್ಕೆ ಕರೆ ಮಾಡಿ, ಗಿಡದ ಒಂದು ಕೊಂಬೆ ಜೊತೆಗೆ ತಗೊಂಡು ಆಸ್ಪತ್ರೆಗೆ ಹೋಗಿ. ಯಾವ ಗಿಡ ಅಂತ ಡಾಕ್ಟರಿಗೆ ಗೊತ್ತಾದರೆ ಚಿಕಿತ್ಸೆ ಬೇಗ ಶುರುವಾಗತ್ತೆ.

ಇನ್ನೊಂದು ಗಿಡ ಲಂಟಾನಾ. ಹೂವು ಚೆಂದ, ಗಟ್ಟಿ ಗಿಡ. 19ನೇ ಶತಮಾನದ ಆರಂಭದಲ್ಲಿ ಅಲಂಕಾರಕ್ಕೆ ಅಂತಲೇ ಭಾರತಕ್ಕೆ ತಂದಿದ್ದು. ಇದೇ ರಸ್ತೆಯಲ್ಲಿ ಮುಂದೆ ಗುಂಡ್ಲುಪೇಟೆ ದಾಟಿ ಬಂಡೀಪುರಕ್ಕೆ ಹೋದರೆ ಅದು ಕಾಡಿಗೆ ಏನು ಮಾಡಿದೆ ಅಂತ ಕಾರಿನ ಕಿಟಕಿಯಿಂದಲೇ ಕಾಣತ್ತೆ. ಹುಲ್ಲು ಬೆಳೆಯಬೇಕಾದ ಕಡೆಯೆಲ್ಲ ಲಂಟಾನಾ ಪೊದೆ. ಅದರ ಎಲೆಯೂ ದನಕ್ಕೆ ವಿಷ. ಬೇಲಿಗೆ ಅದನ್ನು ಆರಿಸಬೇಡಿ.

ನೆಡೋ ಮೊದಲು ಟೇಪ್ ಹಿಡೀರಿ

30-40 ಸೈಟು ಅಂದುಕೊಳ್ಳಿ. ಮುಂಭಾಗ 30 ಅಡಿ. ಕಾರಿನ ಗೇಟು, ಸಣ್ಣ ಗೇಟು ಸೇರಿ 13 ಅಡಿ ಹೋದರೆ ಉಳಿದಿದ್ದು 17. ಕುಳ್ಳ ಕೇಪಳವನ್ನು ಎರಡು ಅಡಿಗೊಂದರಂತೆ ನೆಟ್ಟರೆ ಎಂಟು ಗಿಡ ಸಾಕು. ಬೇಗ ತುಂಬಲಿ ಅಂತ ಅಡಿಗೊಂದು ನೆಟ್ಟರೆ ಮೊದಲ ವರ್ಷ ಚೆಂದ. ಮೂರನೇ ವರ್ಷಕ್ಕೆ ಒಂದಕ್ಕೊಂದು ಗುದ್ದಾಡಿ ಒಳಗೆಲ್ಲ ಬೋಳಾಗತ್ತೆ. ಗೋಡೆಯಿಂದ ಗಿಡದ ಬುಡಕ್ಕೆ ಒಂದೂವರೆ ಅಡಿಯಾದರೂ ಬಿಡಿ. ರಸ್ತೆ ತಿರುವಿನ ಮನೆಯಾದರೆ ಬೇಲಿ ಸೊಂಟ ದಾಟದಿರಲಿ, ಬೈಕಿನವರಿಗೆ ಎದುರಿಂದ ಬರೋದು ಕಾಣಬೇಕು.

ಹೊಸ ಮನೆಯ ಕಾಂಪೌಂಡ್ ಪಕ್ಕದ ಮಣ್ಣು ಮಣ್ಣಲ್ಲ, ಅರ್ಧ ಕಟ್ಟಡದ ಕಸ. ಸಿಮೆಂಟ್ ಚೂರು, ಗಾರೆ, ಟೈಲ್ಸ್ ಪುಡಿ ಎಲ್ಲ ಅಲ್ಲೇ ಹೂತಿರತ್ತೆ. ಸಿಮೆಂಟಿನ ಸುಣ್ಣದ ಅಂಶದಿಂದ ಮಣ್ಣು ಕ್ಷಾರವಾಗತ್ತೆ, ಆಗ ಕೇಪಳದಂಥ ಗಿಡಕ್ಕೆ ಮಣ್ಣಲ್ಲಿರೋ ಕಬ್ಬಿಣ ಹೀರಿಕೊಳ್ಳೋಕೆ ಆಗಲ್ಲ. ನರ ಮಾತ್ರ ಹಸಿರಿದ್ದು ಉಳಿದ ಎಲೆ ಹಳದಿ ಆಗೋದು ಇದರ ಗುರುತು. ಎಷ್ಟೋ ಜನ ಇದನ್ನು ನೀರು ಸಾಲದ್ದು ಅಂದುಕೊಂಡು ಇನ್ನಷ್ಟು ನೀರು ಹಾಕ್ತಾರೆ, ಬೇರು ಕೊಳೆಯತ್ತೆ. ಒಂದೂವರೆ ಅಡಿ ಆಳ, ಒಂದೂವರೆ ಅಡಿ ಅಗಲದ ಗುಂಡಿ ತೆಗೆದು ಆ ಕಸವನ್ನೆಲ್ಲ ಹೊರಗೆ ಹಾಕಿ. ಎರಡು ಪಾಲು ಒಳ್ಳೇ ಕೆಂಪು ಮಣ್ಣಿಗೆ ಒಂದು ಪಾಲು ಹಳೇ ಕೊಟ್ಟಿಗೆ ಗೊಬ್ಬರ ಅಥವಾ ಎರೆಗೊಬ್ಬರ, ಒಂದು ಹಿಡಿ ಬೇವಿನ ಹಿಂಡಿ ಸೇರಿಸಿ.

ತುಂಬೋ ಮೊದಲು ಗುಂಡಿಗೆ ಒಂದು ಬಕೆಟ್ ನೀರು ಸುರಿದು ನೋಡಿ. ಮಾರನೇ ದಿನವೂ ನೀರು ನಿಂತಿದ್ದರೆ ಅಲ್ಲಿ ನೇರ ನೆಡಬೇಡಿ. ತಗ್ಗು ತುಂಬಿಸಿ ಮಾಡಿದ ಲೇಔಟ್‌ಗಳಲ್ಲಿ ಹೀಗಾಗೋದುಂಟು. ಇಟ್ಟಿಗೆ ಕಟ್ಟಿ ಒಂದಡಿ ಏರು ಮಾಡಿ ನೆಡಿ.

ನೆಡೋದಕ್ಕೆ ಹೊತ್ತು ಜೂನ್-ಜುಲೈ, ಅಜ್ಜಂದಿರ ಲೆಕ್ಕದಲ್ಲಿ ಆರಿದ್ರಾ ಮಳೆ. ಮೈಸೂರು ಕಡೆ ಜೋರು ಮಳೆ ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ. ಅಷ್ಟರೊಳಗೆ ಬೇರು ಹಿಡಿದರೆ ಆ ಮಳೆಯನ್ನೆಲ್ಲ ಗಿಡ ಬಳಸಿಕೊಂಡು ಬೇಸಿಗೆಗೆ ತಯಾರಾಗತ್ತೆ. ಮಾರ್ಚ್‌ನಲ್ಲಿ ನೆಟ್ಟ ಗಿಡ ಮೊದಲ ತಿಂಗಳೇ ಬಿಸಿಲಿನ ಜೊತೆ ಜಗಳ ಆಡಬೇಕು. ಕವರಿನಿಂದ ತೆಗೆದಾಗ ಬೇರು ಸುತ್ತಿಕೊಂಡಿದ್ದರೆ ಬೆರಳಲ್ಲಿ ಮೆಲ್ಲಗೆ ಬಿಡಿಸಿ. ಕವರಿನಲ್ಲಿ ಎಷ್ಟು ಆಳದಲ್ಲಿತ್ತೋ ಅಷ್ಟೇ ಆಳಕ್ಕೆ ನೆಡಿ, ಕಾಂಡ ಹೂಳಬೇಡಿ.

ನೀರು: ಯಾವ ನೀರು ಅನ್ನೋದೂ ಮುಖ್ಯ

ಮೊದಲ ವರ್ಷ ಬೇಸಿಗೆಯಲ್ಲಿ ವಾರಕ್ಕೆ ಎರಡು ಮೂರು ಸಲ, ಗಿಡಕ್ಕೆ ಅರ್ಧ ಬಕೆಟ್‌ನಂತೆ ನಿಧಾನಕ್ಕೆ ಹಾಕಿ. ದಿನಾ ಪೈಪ್ ಹಿಡಿದು ಎಲೆ ತೊಳೆದರೆ ಬೇರು ಮೇಲ್ಮಣ್ಣಲ್ಲೇ ಉಳಿಯತ್ತೆ. ಎರಡು ದಿನ ಊರಿಗೆ ಹೋದರೆ ಗಿಡ ಬಾಡತ್ತೆ. ಬುಡದ ಸುತ್ತ ಎರಡು ಇಂಚು ಒಣ ಎಲೆ ಅಥವಾ ತೆಂಗಿನ ನಾರು ಹಾಕಿ, ಕಾಂಡಕ್ಕೆ ತಾಗದ ಹಾಗೆ. ನೀರಿನ ಖರ್ಚು ಕಣ್ಣಿಗೆ ಕಾಣೋವಷ್ಟು ಕಮ್ಮಿ ಆಗತ್ತೆ.

ಬೋರ್‌ವೆಲ್ ನೀರು ಗಡುಸು ಅಂತ ಮನೆಗೆ ವಾಟರ್ ಸಾಫ್ಟ್‌ನರ್ ಹಾಕಿಸಿದ್ದೀರಾ? ಆ ನೀರು ಗಿಡಕ್ಕೆ ಹಾಕಬೇಡಿ. ಅದು ಸುಣ್ಣದ ಅಂಶ ತೆಗೆದು ಆ ಜಾಗಕ್ಕೆ ಸೋಡಿಯಂ ಕೊಡತ್ತೆ. ಸೋಡಿಯಂ ಸೇರಿ ಸೇರಿ ಮಣ್ಣು ಗಟ್ಟಿಯಾಗತ್ತೆ, ಎಲೆ ತುದಿ ಸುಡತ್ತೆ. ಸಾಫ್ಟ್‌ನರ್‌ಗೆ ಹೋಗೋ ಮೊದಲೇ ತೋಟದ ನಲ್ಲಿಗೆ ಬೇರೆ ಲೈನ್ ಕೊಡೋಕೆ ಪ್ಲಂಬರಿಗೆ ಹೇಳಿ. ಆರ್‌ಓ ಫಿಲ್ಟರಿನ ವೇಸ್ಟ್ ನೀರಲ್ಲೂ ಉಪ್ಪು ಜಾಸ್ತಿ, ಅದು ಗೇಟು ತೊಳೆಯೋಕೆ ಸರಿ. ಅಕ್ಕಿ, ತರಕಾರಿ ತೊಳೆದ ನೀರು, ಎಸಿಯಿಂದ ತೊಟ್ಟಿಕ್ಕೋ ನೀರು, ಚಾವಣಿ ಮಳೆನೀರು ಇವೆಲ್ಲ ಗಿಡಕ್ಕೆ ಹಿತ.

ಕತ್ತರಿ ಎಲ್ಲಿ, ಯಾವಾಗ?

ಬೇಲಿ ಅಂದ ತಕ್ಷಣ ಮೇಲಿಂದ ಸಪಾಟಾಗಿ ಕತ್ತರಿಸೋದು ರೂಢಿ. ಪ್ರತಿ ಸಲ ತುದಿ ಮಾತ್ರ ಕತ್ತರಿಸ್ತಾ ಹೋದರೆ ಹೊರಗೆ ಎಲೆಯ ಒಂದು ಚಿಪ್ಪು, ಒಳಗೆ ಬರೀ ಕಡ್ಡಿ. ಹರಡೋ ಪೊದೆಗೆ ಬೇರೆ ವಿಧಾನ ಇದೆ. ತೀರಾ ಉದ್ದ ಹೋದ ಕೊಂಬೆಯನ್ನು ಹುಡುಕಿ, ಪೊದೆಯೊಳಗೆ ಕೈ ಹಾಕಿ, ಅದು ಕವಲೊಡೆದ ಜಾಗದಲ್ಲಿ ಕತ್ತರಿಸಿ. ಗಾಯ ಹೊರಗೆ ಕಾಣಲ್ಲ, ಒಳಗೆ ಬೆಳಕು ಹೋಗತ್ತೆ, ಒಳಗಿಂದಲೂ ಚಿಗುರತ್ತೆ. ಸಾಲು ಬೇಲಿಯೇ ಬೇಕು ಅಂದ್ರೆ ಬುಡ ಅಗಲ, ತಲೆ ಕಿರಿದು ಮಾಡಿ. ತಲೆ ಅಗಲ ಆದರೆ ಕೆಳಗಿನ ಎಲೆಗೆ ಬಿಸಿಲು ಸಿಗದೆ ಉದುರತ್ತೆ.

ಕೇಪಳದ ಹೂವು ಕೊಂಬೆಯ ತುದಿಯಲ್ಲಿ ಬರೋದರಿಂದ ಹೂವು ಮುಗಿದ ಮೇಲೆ ಕತ್ತರಿಸಿ. ಏಪ್ರಿಲ್ ಬಿಸಿಲಲ್ಲಿ ಯಾವ ಗಿಡವನ್ನೂ ಬೋಳಿಸಬೇಡಿ. ಪಕ್ಕದಲ್ಲಿ ಹೊಲ ಇರೋರು ಹಾವಿನ ಭಯಕ್ಕೆ ಬೇಲಿಯೇ ಬೇಡ ಅಂತಾರೆ. ನೆಲದಿಂದ ಅರ್ಧ ಅಡಿವರೆಗಿನ ಕೊಂಬೆ ತೆಗೆದು ಬುಡ ಕಾಣೋ ಹಾಗೆ ಇಡಿ, ಅಲ್ಲಿ ಇಟ್ಟಿಗೆ, ಹಳೇ ಪಾಟು ರಾಶಿ ಹಾಕಬೇಡಿ. ಇಲಿ ಸೇರಲ್ಲ, ಹಾವಿಗೂ ಕೆಲಸ ಇರಲ್ಲ.

ಎಲೆ ಮೇಲೆ ಕಪ್ಪು ಮಸಿ ಹಿಡಿದ ಹಾಗಿದ್ದರೆ, ಇರುವೆ ಸಾಲು ಓಡಾಡ್ತಿದ್ದರೆ ಎಲ್ಲೋ ಹಿಟ್ಟು ತಿಗಣೆಯೋ ಗಿಡದ ರಸ ಹೀರೋ ಇನ್ನೊಂದು ಹುಳವೋ ಕೂತಿದೆ. ಜೋರು ನೀರಿನಿಂದ ತೊಳೆದು, ಲೀಟರಿಗೆ 5 ಮಿಲಿ ಬೇವಿನ ಎಣ್ಣೆ, ನಾಲ್ಕು ಹನಿ ಸೋಪಿನ ದ್ರಾವಣ ಸೇರಿಸಿ ಸಂಜೆ ಹೊತ್ತು ಎಲೆಯ ಅಡಿಗೆ ಸಿಂಪಡಿಸಿ. ವಾರ ಬಿಟ್ಟು ಮತ್ತೊಮ್ಮೆ.

ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ

ಮೇ: ಕಟ್ಟಡದ ಕಸ ತೆಗೆದು ಗುಂಡಿ ಮಾಡಿ, ನೀರು ಇಂಗತ್ತಾ ನೋಡಿ.
ಜೂನ್-ಜುಲೈ: ನೆಡಿ. ಗಾಳಿಗೆ ಅಲುಗದ ಹಾಗೆ ಕೋಲು ಕೊಡಿ.
ಸೆಪ್ಟೆಂಬರ್: ಕಳೆ ಕೀಳಿ, ನೀರು ನಿಲ್ಲದ ಹಾಗೆ ನೋಡಿಕೊಳ್ಳಿ.
ನವೆಂಬರ್: ಮಳೆ ನಿಂತ ಮೇಲೆ ಹಗುರವಾಗಿ ಕತ್ತರಿಸಿ, ಗಿಡಕ್ಕೆ ಎರಡು ಹಿಡಿ ಎರೆಗೊಬ್ಬರ ಕೊಡಿ.
ಫೆಬ್ರವರಿ-ಮೇ: ಬುಡಕ್ಕೆ ಒಣ ಎಲೆ, ಆಳಕ್ಕೆ ಇಳಿಯೋ ಹಾಗೆ ನೀರು. ಕತ್ತರಿಗೆ ರಜೆ.
ವರ್ಷವಿಡೀ: ಕತ್ತರಿಸಿದ ಸೊಪ್ಪು ಪಕ್ಕದ ಖಾಲಿ ಸೈಟಿಗೆ ಬೇಡ.

ದಸರಾ ಹೊತ್ತಿಗೆ ಮೈಸೂರಿನ ಕುಪ್ಪಣ್ಣ ಪಾರ್ಕಿನ ಫಲಪುಷ್ಪ ಪ್ರದರ್ಶನಕ್ಕೆ ಹೇಗೂ ಹೋಗ್ತೀರಲ್ಲ, ಅಲ್ಲಿ ಸೆಲ್ಫಿ ಆದ ಮೇಲೆ ನರ್ಸರಿ ಮಳಿಗೆಗಳ ಕಡೆಗೂ ಒಂದು ಸುತ್ತು ಹಾಕಿ. ಗಿಡ ಎಷ್ಟು ಅಗಲಕ್ಕೆ ಬೆಳೆಯತ್ತೆ, ಹಣ್ಣು-ಎಲೆ ವಿಷವಾ ಅಂತ ಎರಡು ಪ್ರಶ್ನೆ ಕೇಳಿ. ಸರಿಯಾಗಿ ಉತ್ತರ ಕೊಟ್ಟವರ ಹತ್ತಿರ ಮೊದಲು ಒಂದೆರಡು ಗಿಡ ತಗೊಳ್ಳಿ, ಉಳಿದಿದ್ದು ಮುಂದಿನ ಮಳೆಗಾಲಕ್ಕೆ.